ಸ್ಪ್ಯಾನರ್ ಅವರ ಕೈಯಲ್ಲೇ ಇರಲಿ

ದಾವಣಗೆರೆಯಲ್ಲಿ ಒಂದು ಭಾನುವಾರ ಸಂಜೆ ಗೆಳತಿಯರ ಬಳಗದ ಮುಂದೆ ಆಡಿದ ಮಾತುಗಳಿವು. ಅವತ್ತು ಬರಲಾಗದವರು ಬರೆದುಕೊಡಿ ಅಂತ ಕೇಳಿದ್ದಕ್ಕೆ, ನೆನಪಿದ್ದಷ್ಟನ್ನು ಆಡಿದ ಹಾಗೆಯೇ ಬರೆದಿದ್ದೇನೆ.

ನಿಮ್ಮ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತಿರುವ ಆ ಕಪ್ಪು ರಬ್ಬರಿನ ಬಳೆಯನ್ನು ಒಂದು ಸಲ ಹಿಡಿದು ನೋಡಿ. ಎಳೆ ಮಗುವಿನ ಕೈಬಳೆಯಷ್ಟೇ ಇದೆ, ಅಲ್ವಾ? ಇದಕ್ಕೆ ಯೂ ಸೀಲ್ ಅಂತಾರೆ. ಆಫ್ರಿಡೆವ್ ಅನ್ನುವ ಕೈಪಂಪಿನ ಹೊಟ್ಟೆಯೊಳಗೆ, ನೆಲದಿಂದ ನೂರು ಅಡಿ ಕೆಳಗೆ ಇದು ಕೂತಿರುತ್ತದೆ. ಮೇಲೆ ಹಿಡಿ ಒತ್ತಿದಾಗಲೆಲ್ಲ ನೀರು ಪಕ್ಕಕ್ಕೆ ಜಾರದಂತೆ ತಡೆದು ಮೇಲಕ್ಕೆ ಕಳಿಸುವುದು ಇದರ ಕೆಲಸ. ಇದು ಸವೆದ ದಿನ ಎಷ್ಟು ಒತ್ತಿದರೂ ಬರೀ ಸದ್ದು. ಇನ್ನೂರೈವತ್ತು ಮುನ್ನೂರು ಜನ ನೀರಿಗಾಗಿ ಹಳ್ಳದ ದಾರಿ ಹಿಡಿಯಬೇಕಾಗುತ್ತದೆ.

ಆಫ್ರಿಕಾದ ಮಲಾವಿ ದೇಶದಲ್ಲಿ ನಾನೂ ನಮ್ಮ ಯಜಮಾನರೂ ಇದ್ದ ಹದಿನೆಂಟು ತಿಂಗಳ ಕಥೆ ಹೇಳಿ ಅಂತ ಕರೆದಿದ್ದೀರಿ. ನಾನು ಏನು ಹೇಳಲು ಹೊರಟರೂ ಅದು ತಿರುಗಿ ಈ ಬಳೆಯ ಹತ್ತಿರಕ್ಕೇ ಬರುತ್ತದೆ. ಅದಕ್ಕೇ ತಂದೆ.

ನಾವು ಜಗಳೂರು ಕಡೆಯವರು. ನಾವು ಕೆಲಸಕ್ಕೆ ಸೇರಿದಾಗ ಜಗಳೂರು ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ನಾನು ಎಎನ್‌ಎಂ ಆಗಿದ್ದೆ, ಹಳ್ಳಿಯವರ ಬಾಯಲ್ಲಿ ನರ್ಸಮ್ಮ. ನಮ್ಮವರು ಬೋರಿಂಗ್ ರಿಪೇರಿ ಮಾಡುವ ಜೀಪಿನಲ್ಲಿ ಮೆಕ್ಯಾನಿಕ್. ಆಗಿನ ನಮ್ಮ ಸೀಮೆ ಹೇಗಿತ್ತು ಅಂತ ನಿಮ್ಮಲ್ಲಿ ವಯಸ್ಸಾದವರಿಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಬಾವಿ ಬತ್ತುತ್ತಿದ್ದವು. ಊರಿಗೆ ಒಂದೋ ಎರಡೋ ಬೋರಿಂಗು. ಬೆಳಗಿನ ಜಾವ ನಾಲ್ಕಕ್ಕೇ ಕೊಡಗಳ ಸಾಲು. ಬಸುರಿಯರಿಗೆ ಭಾರ ಎತ್ತಬೇಡಿ ಅಂತ ಹೇಳಿ ಬರುತ್ತಿದ್ದೆ. ವಾಪಸ್ಸು ಹೋಗುವಾಗ ಅವರೇ ಕೊಡ ಹೊತ್ತು ಎದುರಿಗೆ ಸಿಗುತ್ತಿದ್ದರು.

ಆ ಬೋರಿಂಗ್ ಪಂಪು ಇಂಡಿಯಾ ಮಾರ್ಕ್ ಟು. ಕಬ್ಬಿಣದ ತಲೆ, ಉದ್ದನೆ ಹಿಡಿ, ಒಳಗೊಂದು ಸರಪಳಿ. ನೀವೆಲ್ಲ ಚಿಕ್ಕವರಿದ್ದಾಗ ಅದಕ್ಕೆ ಜೋತುಬಿದ್ದೇ ಇರುತ್ತೀರಿ. ಅದು ಹುಟ್ಟಿದ ಕಥೆ ಇವತ್ತಿನ ವಿಷಯಕ್ಕೆ ತೀರಾ ಹತ್ತಿರದ್ದು. ಮಹಾರಾಷ್ಟ್ರದ ಬರದ ಸೀಮೆಯಲ್ಲಿ, ಜಾಲ್ನಾ ಕಡೆ, ಹೊರದೇಶದಿಂದ ಬಂದ ಮಿಷನ್‌ನವರು 1960ರ ದಶಕದಲ್ಲಿ ಹಳ್ಳಿಗಳಿಗೆ ಬೋರ್ ಕೊರೆಸುತ್ತಿದ್ದರು. ಆದರೆ ಆಗ ಸಿಗುತ್ತಿದ್ದ ಎರಕದ ಕಬ್ಬಿಣದ ಪಂಪು ಒಂದು ಮನೆಯ ಬಳಕೆಗೆ ಅಂತ ಮಾಡಿದ್ದು. ಊರಿಗೆ ಊರೇ ಒತ್ತಿದರೆ ತಡೆಯುತ್ತಾ? ಬೇಗನೆ ಮುರಿದುಹೋಗುತ್ತಿತ್ತು. ಆಮೇಲೆ ಸೊಲ್ಲಾಪುರದಲ್ಲಿ ಉಕ್ಕಿನ ಗಟ್ಟಿ ಪಂಪು ತಯಾರಾಯಿತು. ಅದನ್ನೇ ಬುನಾದಿ ಮಾಡಿಕೊಂಡು 1970ರ ದಶಕದಲ್ಲಿ ಯುನಿಸೆಫ್ ಮತ್ತು ನಮ್ಮ ಸರ್ಕಾರ ಸೇರಿ ಮಾರ್ಕ್ ಟು ರೂಪಿಸಿದವು. ಮದ್ರಾಸಿನ ಕಾರ್ಖಾನೆಯಲ್ಲಿ ತಯಾರಾಗಿ ಅದು ದೇಶದ ತುಂಬ ಹೋಯಿತು, ಹೊರದೇಶಗಳಿಗೂ ಹೋಯಿತು.

ಮಾರ್ಕ್ ಟು ಗಟ್ಟಿ ಪಂಪು, ನಿಜ. ಆದರೆ ಕೆಟ್ಟರೆ? ಒಳಗಿನ ಒಂದು ಸಣ್ಣ ವಾಷರ್ ಬದಲಿಸಬೇಕಾದರೂ ನೆಲದೊಳಗಿನ ಕಬ್ಬಿಣದ ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲಕ್ಕೆ ಎತ್ತಬೇಕು. ಅದಕ್ಕೆ ಮೂರ್ನಾಲ್ಕು ಗಂಡಾಳು ಬೇಕು, ಮುಕ್ಕಾಲಿ ಬೇಕು, ಜೀಪು ಬೇಕು. ಜೀಪು ಒಂದೇ ಇರುತ್ತಿತ್ತು. ನಾನು ಹಳ್ಳಿಗೆ ಹೋದಾಗ ಜನ ಜ್ವರದ ಮಾತ್ರೆ ಕೇಳುವ ಮೊದಲು ಕೇಳುತ್ತಿದ್ದದ್ದು, "ನರ್ಸಮ್ಮಾ, ನಿಮ್ಮನೇರ ಜೀಪು ಯಾವತ್ತು ಬರ್ತತಿ?" ಅಂತ. ನಮ್ಮವರು ಹಗಲು ರಾತ್ರಿ ದುಡಿದರೂ ಆ ಪ್ರಶ್ನೆ ಮುಗಿಯಲಿಲ್ಲ.

ನಿವೃತ್ತಿ ಆಯಿತು. ಮಕ್ಕಳು ಅವರವರ ದಾರಿ ಹಿಡಿದರು. ನಮ್ಮ ಚರ್ಚಿನ ಪರಿಚಯದವರ ಮೂಲಕ ಒಂದು ಸೇವಾ ಸಂಸ್ಥೆಯಿಂದ ಕೇಳಿಕೆ ಬಂತು. ಮಲಾವಿಯಲ್ಲಿ ಕೈಪಂಪುಗಳ ಕೆಲಸ ಗೊತ್ತಿರುವವರು ಬೇಕು, ಹಳ್ಳಿ ಆರೋಗ್ಯದ ಅನುಭವ ಇರುವವರು ಜೊತೆಗಿದ್ದರೆ ಒಳ್ಳೆಯದು ಅಂತ. ಊಟ, ವಸತಿ ಅವರದು, ಸಂಬಳ ಇಲ್ಲ. ನಮ್ಮವರು ಒಂದು ವಾರ ಏನೂ ಮಾತಾಡಲಿಲ್ಲ. ಎಂಟನೇ ದಿನ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದರು.

ಹೊರಡುವ ಸುದ್ದಿ ಗೊತ್ತಾದ ಮೇಲೆ ನಮಗೆ ಎರಡು ಪ್ರಶ್ನೆ ಎದುರಾದವು. ಮೊದಲನೆಯದು ಪಕ್ಕದ ಮನೆಯವರದು. "ಅಲ್ಲಕ್ಕಾ, ಇಲ್ಲಿ ಕಷ್ಟದಾಗ ಇರೋರು ಕಮ್ಮಿ ಅದಾರೇನು? ಅಷ್ಟು ದೂರ ಯಾಕ ಹೋಗಬೇಕು?" ಇದು ನ್ಯಾಯವಾದ ಪ್ರಶ್ನೆ. ಮೂವತ್ತು ವರ್ಷಕ್ಕಿಂತ ಜಾಸ್ತಿ ಇಲ್ಲೇ ಕೆಲಸ ಮಾಡಿದ್ದೆ ಅನ್ನುವ ಸಮಾಧಾನ ನನಗಿತ್ತು. ಜೊತೆಗೆ ಇನ್ನೊಂದು ಯೋಚನೆಯೂ ಇತ್ತು. ನಮ್ಮ ಊರಿನ ಬೋರಿಂಗಿನ ಹಿಂದೆ ಎಲ್ಲೆಲ್ಲಿಂದಲೋ ಬಂದವರ ಬೆವರಿತ್ತು. ಅವರು ನಮ್ಮ ಊರಿನ ಹೆಸರನ್ನೂ ಕೇಳಿರಲಿಲ್ಲ. ಆ ಋಣವನ್ನು ಅವರ ಊರಿಗೇ ಹೋಗಿ ತೀರಿಸಬೇಕು ಅಂತೇನಿಲ್ಲ, ಬೇಕಾದ ಕಡೆ ತೀರಿಸಬಹುದು.

ಎರಡನೆಯ ಪ್ರಶ್ನೆಯನ್ನು ಯಾರೂ ಎದುರಿಗೆ ಕೇಳಲಿಲ್ಲ, ಆದರೆ ಕಣ್ಣಲ್ಲಿ ಇತ್ತು. ಮಿಷನರಿ ಅಂದ ಕೂಡಲೇ ಮತಾಂತರ ನೆನಪಾಗುತ್ತದೆ. ನಾನು ದೇವರನ್ನು ನಂಬುವವಳು, ಆ ನಂಬಿಕೆಯಿಂದಲೇ ಹೋದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಯಾರಿದವರಿಗೆ ನೀರು ಕೊಡುವಾಗ ಕರಾರು ಹಾಕುವುದು ತಪ್ಪು. ಇದು ನನ್ನೊಬ್ಬಳ ಮಾತಲ್ಲ. ರೆಡ್ ಕ್ರಾಸ್ ಮತ್ತು ದೊಡ್ಡ ದೊಡ್ಡ ಸೇವಾ ಸಂಸ್ಥೆಗಳು ಸೇರಿ 1994ರಲ್ಲಿ ಹತ್ತು ಅಂಶಗಳ ನಡವಳಿಕೆ ನಿಯಮ ಮಾಡಿಕೊಂಡವು. ನೆರವನ್ನು ಯಾವುದೇ ಧರ್ಮದ ಅಥವಾ ರಾಜಕೀಯದ ಪರವಾಗಿ ಬಳಸಬಾರದು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ನಾವು ಸಹಿ ಹಾಕಿದ ಕಾಗದದಲ್ಲೂ ಅದೇ ಇತ್ತು. ನಾವು ಕೆಲಸ ಮಾಡಿದ ಹಳ್ಳಿಗಳಲ್ಲಿ ಚರ್ಚೂ ಇತ್ತು, ಮಸೀದಿಯೂ ಇತ್ತು. ಬೋರಿಂಗಿನ ಹತ್ತಿರ ಎಲ್ಲರ ಬಕೆಟ್ಟೂ ಒಂದೇ ಸಾಲಿನಲ್ಲಿ ನಿಲ್ಲುತ್ತಿತ್ತು.

ಮಲಾವಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಆಫ್ರಿಕಾದ ಪೂರ್ವ ದಿಕ್ಕಿಗೆ, ಸಮುದ್ರ ಇಲ್ಲದ ದೇಶ. ನಮ್ಮ ಕರ್ನಾಟಕಕ್ಕಿಂತ ಚಿಕ್ಕದು. ಸಮುದ್ರ ಇಲ್ಲದಿದ್ದರೇನು, ದೇಶದ ಉದ್ದಕ್ಕೂ ದೊಡ್ಡ ಸರೋವರ ಇದೆ. ಬ್ರಿಟಿಷರು ಆಳಿದ್ದ ಜಾಗವೇ, ನ್ಯಾಸಾಲ್ಯಾಂಡ್ ಅಂತ ಕರೆಯುತ್ತಿದ್ದರು. ಸ್ವಾತಂತ್ರ್ಯ ಬಂದಿದ್ದು 1964ರ ಜುಲೈ 6ರಂದು.

ಅಲ್ಲಿ ಮಿಷನರಿಗಳ ಕಥೆ ತುಂಬ ಹಳೆಯದು. ಸ್ಕಾಟ್ಲೆಂಡಿನ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಆ ಸರೋವರದ ದಡಕ್ಕೆ ಬಂದಿದ್ದು 1859ರಲ್ಲಿ. 1875ರಲ್ಲಿ ಸ್ಕಾಟ್ಲೆಂಡಿನವರು ಅವರ ಹೆಸರಿನಲ್ಲಿ ಮಿಷನ್ ಶುರು ಮಾಡಿದರು. ಮೊದಮೊದಲು ಬಂದವರಲ್ಲಿ ಎಷ್ಟೋ ಜನ ಮಲೇರಿಯಾದಿಂದ ಸತ್ತರು. ರಾಬರ್ಟ್ ಲಾಸ್ ಅನ್ನುವ ಡಾಕ್ಟರ್ ಮಾತ್ರ 1875ರಿಂದ 1927ರ ತನಕ ಅಲ್ಲೇ ದುಡಿದರು. ಶಾಲೆ ಕಟ್ಟಿದರು, ಆಸ್ಪತ್ರೆ ಕಟ್ಟಿದರು. ಇದು ಒಂದು ಮುಖ. ಇನ್ನೊಂದು ಮುಖ ಮಲಾವಿಯ ದುಡ್ಡಿನ ನೋಟಿನ ಮೇಲಿದೆ. ಜಾನ್ ಚಿಲೆಂಬ್ವೆ ಅಲ್ಲಿಯವರೇ ಆದ ಪಾದ್ರಿ. ಬಿಳಿಯರ ತೋಟಗಳಲ್ಲಿ ತನ್ನ ಜನರನ್ನು ದುಡಿಸಿಕೊಳ್ಳುತ್ತಿದ್ದ ಕ್ರೌರ್ಯ ನೋಡಲಾಗದೆ 1915ರಲ್ಲಿ ದಂಗೆ ಎದ್ದರು. ಅವರನ್ನು ಗುಂಡಿಟ್ಟು ಕೊಂದರು. ಪ್ರತಿ ವರ್ಷ ಜನವರಿ 15 ಅಲ್ಲಿ ಅವರ ಹೆಸರಿನ ರಜೆ. ಹೊರಗಿನಿಂದ ಬಂದವರು ಶಾಲೆಯನ್ನೂ ತಂದರು, ಅವರ ಬೆನ್ನ ಹಿಂದೆ ದರ್ಬಾರೂ ಬಂತು. ಇವೆರಡನ್ನೂ ಆ ಜನ ಮರೆತಿಲ್ಲ. ನಾವು ಅಲ್ಲಿ ಇಳಿದಾಗ ನಮ್ಮನ್ನು ನೋಡಿದ ಕಣ್ಣುಗಳಲ್ಲಿ ಪ್ರೀತಿ ಇತ್ತು, ಜೊತೆಗೆ ಒಂದು ಎಚ್ಚರವೂ ಇತ್ತು. ಆ ಎಚ್ಚರ ಇರಬೇಕಾದದ್ದೇ.

2022ರ ಜುಲೈನಲ್ಲಿ ಹೋದೆವು. ರಾಜಧಾನಿ ಲಿಲಾಂಗ್ವೆಯಿಂದ ಸರೋವರದ ಕಡೆಗೆ ನೂರು ಕಿಲೋಮೀಟರಿನಷ್ಟು ಹೋದರೆ ಸಲೀಮಾ ಜಿಲ್ಲೆ. ನಮ್ಮ ಹಳ್ಳಿಗಳು ಆ ಕಡೆಯವು. ಮೊದಲ ತಿಂಗಳು ಪಂಪು ಮುಟ್ಟುವಂತಿಲ್ಲ, ಭಾಷೆ ಕಲಿಯಿರಿ ಅಂದರು. ನಮ್ಮವರಿಗೆ ಚಡಪಡಿಕೆ. ನಾನು ಕಿಟೆಲ್ ಅವರನ್ನು ನೆನಪು ಮಾಡಿದೆ. ಕಿಟೆಲ್ ಜರ್ಮನಿಯಿಂದ ನಮ್ಮ ನಾಡಿಗೆ ಬಂದಿದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಲವತ್ತೊಂದು ವರ್ಷ! ಅವರು ಬಂದಿದ್ದು ಧರ್ಮಪ್ರಚಾರಕ್ಕೆ. ಆದರೆ ನಾವು ಇವತ್ತಿಗೂ ಅವರನ್ನು ನೆನೆಯುವುದು ನಮ್ಮ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿಸಿಕೊಂಡರು ಅಂತ. ನಮಗಿದ್ದದ್ದು ಬರೀ ಹದಿನೆಂಟು ತಿಂಗಳು. ಅದರಲ್ಲಿ ಒಂದು ತಿಂಗಳು ಕೇಳಿಸಿಕೊಳ್ಳಲು ಕೊಡದಿದ್ದರೆ ಹೇಗೆ?

ಅಲ್ಲಿಯ ಮಾತು ಚಿಚೆವಾ. ಯಾರ ಮನೆಗೆ ಹೋದರೂ ಬಾಗಿಲಾಚೆ ನಿಂತು "ಓಡಿ" ಅನ್ನಬೇಕು. ಕನ್ನಡದ ಕಿವಿಗೆ ಓಡಿಹೋಗಿ ಅಂದ ಹಾಗೆ ಕೇಳುತ್ತದೆ, ಅರ್ಥ ಮಾತ್ರ "ಒಳಗೆ ಬರಲಾ?" ಅಂತ. ಒಳಗಿನವರು "ಓಡಿನಿ" ಅಂದ ಮೇಲೆಯೇ ಕಾಲಿಡಬೇಕು. ಆಮೇಲೆ "ಮುಲಿ ಬ್ವಾಂಜಿ", ಹೇಗಿದ್ದೀರಿ. ಕೆಲಸದ ಮಾತಿಗೆ ನೇರವಾಗಿ ಇಳಿಯುವುದು ಅಲ್ಲಿ ಒರಟುತನ. ಹೆಂಗಸರನ್ನು ಮಾಯಿ ಅಂತಾರೆ, ಅಂದರೆ ಅಮ್ಮ. ಗಂಡಸರನ್ನು ಬಾಂಬೊ ಅಂತಾರೆ, ಅಂದರೆ ಅಪ್ಪ. ನಾನು ಮೊದಲ ದಿನದಿಂದಲೇ ಮಾಯಿ ಆದೆ. ಅಪರಿಚಿತರನ್ನೂ ಅಪ್ಪಾ, ಅವ್ವಾ ಅಂತ ಕರೆಯುವ ಊರಿನಿಂದ ಬಂದ ನನಗೆ ಅದೊಂದೇ ಮಾತು ಸಾಕಾಯಿತು.

ಊಟದ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ. ಅವರು ಎನ್ಸಿಮ ಅಂತ ಮಾಡುತ್ತಾರೆ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಮರದ ಕೋಲಿನಿಂದ ತಿರುವಿ ತಿರುವಿ ಗಟ್ಟಿ ಮಾಡುವುದು. ಥೇಟ್ ನಮ್ಮ ಮುದ್ದೆ. ಬಲಗೈಯಲ್ಲಿ ಚೂರು ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೋ ಹುರುಳಿಕಾಯಿಯಂಥ ಬೀಜದ ಸಾರಿಗೋ ಅದ್ದಿ ತಿನ್ನಬೇಕು. ಊಟಕ್ಕೆ ಮೊದಲು ಮನೆಯ ಮಗು ಬಂದು ಎಲ್ಲರ ಕೈಗೂ ನೀರು ಹಾಕುತ್ತದೆ. ನಾನು ರಾಗಿ ಹಿಟ್ಟು ಒಯ್ದಿದ್ದೆ. ಒಂದು ದಿನ ಮುದ್ದೆ ತಿರುವಿ ಕೊಟ್ಟೆ. ಅವರಿಗೂ ರಾಗಿ ಹೊಸದೇನಲ್ಲ, ಕಪ್ಪು ಎನ್ಸಿಮ ಅಂತ ಖುಷಿಯಿಂದ ಉಂಡರು.

ಈಗ ನಮ್ಮ ತಪ್ಪಿನ ಕಥೆಗೆ ಬರುತ್ತೇನೆ.

ಎರಡನೇ ತಿಂಗಳು. ಅರವತ್ತು ಮನೆಗಳ ಒಂದು ಹಳ್ಳಿ. ಅಲ್ಲಿಯ ಪಂಪು ಕೆಟ್ಟು ಒಂಬತ್ತು ದಿನ ಆಗಿತ್ತು. ನಾವು ಹೋದಾಗ ಹೆಂಗಸರು ಒಣಗಿದ ಹಳ್ಳದಲ್ಲಿ ಮರಳು ಬಗೆದು, ಒರತೆಯಿಂದ ತಟ್ಟೆಯಲ್ಲಿ ನೀರು ಮೊಗೆಯುತ್ತಿದ್ದರು. ನೀರಿನ ಬಣ್ಣ ಚಹಾದ ಹಾಗೆ. ನಮ್ಮವರಿಗೆ ಜಗಳೂರೇ ಕಣ್ಣ ಮುಂದೆ ಬಂತು. ಸಾಮಾನಿನ ಚೀಲ ತೆಗೆದರು, ಪಂಪಿನ ತಲೆ ಬಿಚ್ಚಿದರು. ಒಂದೂವರೆ ಗಂಟೆಯಲ್ಲಿ ನೀರು ಬಂತು. ಹೆಂಗಸರು ಸಂತೋಷಕ್ಕೆ ನಾಲಗೆ ಆಡಿಸಿ ಉಲುಲು ಅಂತ ಕೂಗಿದರು. ಆ ಪಂಪಿನ ಮೈಮೇಲೆ ಭಾರತದಲ್ಲಿ ತಯಾರಾದದ್ದು ಅಂತ ಅಚ್ಚೊತ್ತಿತ್ತು. ನಮ್ಮವರು ಅದನ್ನು ಬಟ್ಟೆಯಿಂದ ಒರೆಸಿ ನನಗೆ ತೋರಿಸಿದರು. ಅವತ್ತು ರಾತ್ರಿ ಇಬ್ಬರಿಗೂ ಖುಷಿಯಲ್ಲಿ ನಿದ್ದೆ ಬರಲಿಲ್ಲ.

ಮೂರು ವಾರ ಆದ ಮೇಲೆ ಅದೇ ಊರಿನವರು ಬೆಳಿಗ್ಗೆ ಐದಕ್ಕೆ ನಮ್ಮ ಬಾಗಿಲಲ್ಲಿ ನಿಂತಿದ್ದರು. ಹೋಗಿ ನೋಡಿದರೆ ಬೋಲ್ಟು ಸಡಿಲ ಆಗಿತ್ತು, ಅಷ್ಟೇ. ಯಾರು ಬೇಕಾದರೂ ಬಿಗಿ ಮಾಡಬಹುದಿತ್ತು. ಮುಂದಿನ ವಾರ ಪಕ್ಕದ ಊರಿನವರು ಬಂದರು. ನಮ್ಮವರು ಸೈಕಲ್ಲಿನ ಮೇಲೆ ಊರೂರು ತಿರುಗತೊಡಗಿದರು. ಜೀಪು ಯಾವಾಗ ಬರುತ್ತದೆ ಅಂತ ಜಗಳೂರಿನಲ್ಲಿ ಕೇಳುತ್ತಿದ್ದರಲ್ಲ, ಇಲ್ಲಿ ಬಾಂಬೊ ಯಾವಾಗ ಬರುತ್ತಾರೆ ಅಂತ ಕೇಳತೊಡಗಿದರು.

ಆ ಊರಿನ ಮುಖ್ಯಸ್ಥರು ವಯಸ್ಸಾದವರು. ಒಂದು ಸಂಜೆ ನಮ್ಮನ್ನು ಕರೆಸಿ, ಕೂರಿಸಿ, ಕಡಲೆಕಾಯಿ ಕೊಟ್ಟರು. ತುಂಬ ಹೊತ್ತು ಮಳೆ ಬೆಳೆ ಮಾತಾಡಿದರು. ಕೊನೆಗೆ ಮೆತ್ತಗೆ ಹೇಳಿದರು. "ನೀವು ಬರುವ ಮೊದಲು ನಮಗೊಬ್ಬಳು ಮೆಕ್ಯಾನಿಕ್ ಇದ್ದಳು. ಈಗ ನೀವಿದ್ದೀರಿ. ನೀವು ಹೋದ ಮೇಲೆ ನಮಗೆ ಯಾರೂ ಇರುವುದಿಲ್ಲ."

ನಮಗೆ ಗೊತ್ತೇ ಇರಲಿಲ್ಲ. ಆ ಊರಿನ ನೀರಿನ ಸಮಿತಿಯಲ್ಲಿ ಒಬ್ಬ ಹೆಂಗಸು ವರ್ಷಗಳ ಹಿಂದೆಯೇ ತರಬೇತಿ ಪಡೆದಿದ್ದಳು. ಸ್ಪ್ಯಾನರ್ ಅವಳ ಮನೆಯಲ್ಲೇ ಇತ್ತು. ಅವತ್ತು ಉಲುಲು ಕೂಗಿದವರ ಹಿಂದೆ ಅವಳೂ ನಿಂತಿದ್ದಳಂತೆ. ನಾವು ಒಂದು ಮಾತು ಕೇಳಲಿಲ್ಲ. ಅವಳ ಪಂಪನ್ನು ಅವಳ ಊರಿನವರ ಎದುರಿಗೇ ನಾವು ಬಿಚ್ಚಿದ್ದೆವು. ಅವತ್ತಿನಿಂದ ಅವಳು ಪಂಪಿನ ಹತ್ತಿರ ಕೆಲಸಕ್ಕೆ ಬಂದಿರಲಿಲ್ಲ.

ಮಾರನೇ ದಿನ ಅವಳ ಮನೆ ಮುಂದೆ ನಿಂತು "ಓಡಿ" ಅಂದೆವು. ನಮ್ಮವರು "ಪೆಪಾನಿ" ಅಂದರು. ಕ್ಷಮಿಸಿ ಅನ್ನುವುದಕ್ಕೆ ಅವರ ಮಾತು. ಅವಳು ಚಾಪೆ ಹಾಸಿದಳು. ಪಂಪು ಒಂಬತ್ತು ದಿನ ಯಾಕೆ ಹಾಗೇ ಇತ್ತು ಅಂತ ಆಗ ಕೇಳಿದೆವು. ಅವತ್ತೇ ಕೇಳಬೇಕಿತ್ತು. ಕೆಲಸ ಬಾರದೆ ಅಲ್ಲ, ಅವಳ ಹತ್ತಿರ ಈ ರಬ್ಬರ್ ಬಳೆ ಇರಲಿಲ್ಲ. ಬಳೆ ಸಿಗುವ ಅಂಗಡಿ ನಲವತ್ತು ಕಿಲೋಮೀಟರ್ ದೂರ. ಮನೆಗಿಷ್ಟು ಅಂತ ತಿಂಗಳಿಗೊಮ್ಮೆ ಕೂಡಿಸಿದ್ದ ದುಡ್ಡು ಹಿಂದಿನ ವಾರ ಒಂದು ಸಾವಿಗೆ ಖರ್ಚಾಗಿತ್ತು. ನಾವು ಕೊಟ್ಟಿದ್ದು ಅವರಲ್ಲಿ ಮೊದಲೇ ಇದ್ದ ಕೈಚಳಕ. ಅವರಿಗೆ ಬೇಕಾಗಿದ್ದದ್ದು ಒಂದು ರಬ್ಬರಿನ ಬಳೆ.

ಇಲ್ಲಿ ಆಫ್ರಿಡೆವ್ ಬಗ್ಗೆ ಹೇಳಬೇಕು. 1980ರ ದಶಕದಲ್ಲಿ ವಿಶ್ವಸಂಸ್ಥೆ ಕುಡಿಯುವ ನೀರಿನ ದಶಕ ಅಂತ ಘೋಷಿಸಿತ್ತಲ್ಲ, ಆಗ ರೂಪುಗೊಂಡ ಪಂಪು ಇದು. ಮೊದಲ ಹೆಜ್ಜೆ ಇಟ್ಟಿದ್ದು ಮಲಾವಿಯಲ್ಲೇ, ಮಾಲ್ಡೆವ್ ಅನ್ನುವ ಹೆಸರಿನಲ್ಲಿ. ಆಮೇಲೆ ಕೀನ್ಯಾದಲ್ಲಿ ಅದನ್ನು ತಿದ್ದಿ ತೀಡಿ ಆಫ್ರಿಡೆವ್ ಮಾಡಿದರು. ಹಳ್ಳಿಯವರೇ ರಿಪೇರಿ ಮಾಡಿಕೊಳ್ಳುವಂತೆ ಇರಬೇಕು ಅನ್ನುವುದೇ ಅದರ ಉದ್ದೇಶ. ಪೈಪು ಪ್ಲಾಸ್ಟಿಕ್‌ನದು, ಅದನ್ನು ಮೇಲೆ ಎತ್ತುವ ಗೋಜೇ ಇಲ್ಲ. ಸರಳುಗಳ ತುದಿ ಕೊಕ್ಕೆಯ ಹಾಗೆ ಇರುತ್ತದೆ. ಒಂದೊಂದೇ ಎಳೆದು ಬಿಡಿಸಿಕೊಂಡರೆ ಒಳಗಿನದೆಲ್ಲ ಕೈಗೆ ಬರುತ್ತದೆ. ಒಂದೇ ಸ್ಪ್ಯಾನರ್ ಸಾಕು. ಇಬ್ಬರು ಹೆಂಗಸರು ಸೇರಿ ಮುಗಿಸಬಹುದು. ಮಾರ್ಕ್ ಟು ಎತ್ತಿ ಎತ್ತಿ ಬೆನ್ನು ಸವೆಸಿಕೊಂಡಿದ್ದ ನಮ್ಮವರು ಇದನ್ನು ಮೊದಲ ಸಲ ನೋಡಿದಾಗ, "ಇದು ಆಗ ನಮ್ಮ ಸೀಮೆಗೆ ಬಂದಿದ್ದರೆ" ಅಂದು ಸುಮ್ಮನಾದರು.

ಪಂಪು ಮಾಡಿದವರು ಹೆಂಗಸರ ಕೈಗೆ ಸಿಗಲಿ ಅಂತಲೇ ಅದನ್ನು ಮಾಡಿದ್ದರು. ನಾವು ಹೋಗಿ ಅದನ್ನು ಕಿತ್ತುಕೊಂಡಿದ್ದೆವು.

ಅಲ್ಲಿಂದ ಮುಂದೆ ನಮ್ಮವರು ಹಳ್ಳಿಗೆ ಹೋಗುವಾಗ ಸಾಮಾನಿನ ಚೀಲ ಒಯ್ಯುವುದನ್ನೇ ಬಿಟ್ಟರು. ಆ ತಾಯಿ ಮತ್ತೆ ಪಂಪಿಗೆ ಬಂದಳು, ತನ್ನ ಜೊತೆಗೆ ಇನ್ನೂ ನಾಲ್ಕು ಊರಿನ ಹೆಂಗಸರಿಗೆ ಕಲಿಸತೊಡಗಿದಳು. ಒಂದು ದಿನ ಕಲಿಯುತ್ತಿದ್ದ ಚಿಕ್ಕ ವಯಸ್ಸಿನವಳೊಬ್ಬಳು ಈ ಬಳೆಯನ್ನು ತಲೆಕೆಳಗಾಗಿ ಹಾಕಿದಳು. ನೋಡಿ, ಇದರ ಒಂದು ಬದಿಗೆ ತುಟಿಯ ಹಾಗೆ ತೆರೆದ ಅಂಚು ಇದೆ. ಅದು ಮೇಲಕ್ಕೆ ಇರಬೇಕು. ನಮ್ಮವರು ಮೂರು ಮಾರು ದೂರದಲ್ಲಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ತಪ್ಪು ಕಂಡಿತು. ಎದ್ದರು. ಕಲಿಸುವವಳ ಮುಖ ನೋಡಿದರು. ಅವಳಿಗೂ ಕಂಡಿತ್ತು, ಆದರೆ ಅವಳು ಸುಮ್ಮನಿದ್ದಳು. ಇವರೂ ಕೂತರು. ಎರಡೂ ಕೈಯನ್ನು ಮೊಣಕಾಲ ಮಧ್ಯೆ ಒತ್ತಿ ಹಿಡಿದುಕೊಂಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಸರಳುಗಳೆಲ್ಲ ಒಳಗೆ ಹೋದವು. ಹಿಡಿ ಒತ್ತಿದರು. ನೀರು ದಾರದಂತೆ ಸಣ್ಣಗೆ ಬಂತು. ಮತ್ತೆ ಎಲ್ಲ ಎಳೆದರು. ಆ ಹುಡುಗಿ ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ತಾನೇ ಕಂಡುಹಿಡಿದು ನಕ್ಕಳು. ಒಂದೂವರೆ ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಬಿಸಿಲಲ್ಲಿ ಕಾಯುತ್ತಿದ್ದ ಹೆಂಗಸರು ಒಬ್ಬರೂ ಗೊಣಗಲಿಲ್ಲ. ನಲವತ್ತು ವರ್ಷ ಪಂಪು ರಿಪೇರಿ ಮಾಡಿದ ಮನುಷ್ಯ ಸುಮ್ನೆ ಕೂತ ಆ ನಾಲ್ಕು ಗಂಟೆಯೇ ನಾವು ಅಲ್ಲಿ ಮಾಡಿದ ದೊಡ್ಡ ಕೆಲಸ ಅಂತ ನಾನು ಮನಸಾರೆ ನಂಬಿದ್ದೇನೆ.

ದುಡ್ಡಿನ ಸಮಸ್ಯೆ ಸುಲಭಕ್ಕೆ ಬಗೆಹರಿಯಲಿಲ್ಲ. ಆರು ಊರಿನ ಸಮಿತಿಗಳು ಒಟ್ಟಿಗೆ ಕೂತು, ಸಂತೆ ಊರಿನ ಅಂಗಡಿಯವರ ಹತ್ತಿರ ಬಳೆ, ಸರಳು ಇಡುವಂತೆ ಒಪ್ಪಂದ ಮಾಡಿಕೊಂಡವು. ಅಷ್ಟರಲ್ಲಿ 2023ರ ನವೆಂಬರಿನಲ್ಲಿ ಅವರ ರಿಸರ್ವ್ ಬ್ಯಾಂಕ್ ಅಲ್ಲಿಯ ದುಡ್ಡಾದ ಕ್ವಾಚಾದ ಬೆಲೆ ಇಳಿಸಿತು, ಡಾಲರಿನ ಬೆಲೆ ಒಂದೇ ಸಲಕ್ಕೆ ಶೇಕಡಾ 44ರಷ್ಟು ಏರಿತು. ಹಿಂದಿನ ವರ್ಷವೂ ಹೀಗೇ ಶೇಕಡಾ 25ರಷ್ಟು ಏರಿತ್ತು. ಹೊರಗಿನಿಂದ ಬರುವ ಸಾಮಾನಿನ ಬೆಲೆ ಏರಿತು. ಡಬ್ಬಿಯಲ್ಲಿ ಕೂಡಿಟ್ಟ ದುಡ್ಡು ಅಲ್ಲೇ ಕರಗಿಹೋಯಿತು. ಆದರೆ ನಮ್ಮ ಸಮಿತಿಯ ಖಜಾಂಚಿ ಹೆಂಗಸು ಸುಗ್ಗಿ ಮುಗಿದ ಕೂಡಲೇ, ಅಂದರೆ ತಿಂಗಳುಗಳ ಮೊದಲೇ, ದುಡ್ಡನ್ನು ಬಳೆಯಾಗಿ ಮಾಡಿ ಇಟ್ಟಿದ್ದಳು. ಜೋಳದ ಹಗೇವಿನ ಪಕ್ಕದಲ್ಲಿ ಒಂದು ಡಬ್ಬಿ ತುಂಬ ಯೂ ಸೀಲ್! ಮನೆ ನಡೆಸುವ ಹೆಂಗಸಿನ ಲೆಕ್ಕಾಚಾರ ಅದು. ಅದನ್ನು ನಾವು ಹೇಳಿಕೊಟ್ಟಿರಲಿಲ್ಲ.

ನನ್ನ ಕೆಲಸದ ಬಗ್ಗೆಯೂ ಹೇಳುತ್ತೇನೆ. ನಾವು ಹೋದ ವರ್ಷವೇ ಮಲಾವಿಯಲ್ಲಿ ಕಾಲರಾ ಶುರುವಾಗಿತ್ತು. 2023ರ ಹೊತ್ತಿಗೆ ದೇಶದ ಎಲ್ಲ ಜಿಲ್ಲೆಗೂ ಹಬ್ಬಿ 1,700ಕ್ಕೂ ಹೆಚ್ಚು ಜನರನ್ನು ತಿಂದಿತು. ಆ ದೇಶ ಕಂಡ ಅತಿ ದೊಡ್ಡ ಕಾಲರಾ ಅದು. ಸರೋವರದ ದಂಡೆಯ ಜಿಲ್ಲೆಗಳಲ್ಲಿ ಹೆದರಿಕೆ ಜಾಸ್ತಿ. ಹಳ್ಳಿಗಳಲ್ಲಿ ಅವರ ಆರೋಗ್ಯ ಕಾರ್ಯಕರ್ತರಿದ್ದಾರೆ, ನಮ್ಮ ಆಶಾಗಳ ಹಾಗೆ. ಆದರೆ ಅವರು ಸರ್ಕಾರದ ಸಂಬಳದ ನೌಕರರು. ನಮ್ಮ ಆಶಾ ಹೆಣ್ಣುಮಕ್ಕಳಿಗೂ ಹಾಗೇ ಆಗಬೇಕು ಅಂತ ನಾನು ಎಲ್ಲಿ ಮೈಕು ಸಿಕ್ಕರೂ ಹೇಳುತ್ತೇನೆ. ನಾನು ಅಲ್ಲಿಯ ಕಾರ್ಯಕರ್ತೆಯ ಕೈಕೆಳಗೆ ಕೆಲಸ ಮಾಡಿದೆ. ನನ್ನ ಮಗಳ ವಯಸ್ಸಿನವಳು. ಅವಳು ಜನರ ಮುಂದೆ ನಿಂತು ಮಾತಾಡಿದರೆ ನಾನು ಪಕ್ಕದಲ್ಲಿ ಪುಸ್ತಕ ಬರೆಯುತ್ತಿದ್ದೆ, ನೀರಿಗೆ ಕ್ಲೋರಿನ್ ಅಳೆಯುತ್ತಿದ್ದೆ. ವಾಂತಿ ಭೇದಿಗೆ ಕುಡಿಸುವ ಓಆರ್‌ಎಸ್ ಪುಡಿಯ ಪ್ಯಾಕೆಟ್ ಇಲ್ಲದ ಮನೆಯಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಈ ಲೆಕ್ಕ ನಾನು ಜಗಳೂರಿನ ಓಣಿಗಳಲ್ಲಿ ಸಾವಿರ ಸಲ ಹೇಳಿದ್ದು. ಓಆರ್‌ಎಸ್ ಜೀವ ಉಳಿಸುತ್ತದೆ ಅಂತ ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಕಲ್ಕತ್ತೆಯ ಡಾಕ್ಟರ್ ದಿಲೀಪ್ ಮಹಲನಬಿಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದಾಗ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿ ಅಂದರು. ಅಲ್ಲೂ ಅದೇ, ನೋಡಿ. ಡಾಕ್ಟರ್ ಕೈಯ ಕೆಲಸವನ್ನು ತಾಯಿಯ ಕೈಗೆ ಕೊಟ್ಟಿದ್ದು.

ಆ ಕಾಲರಾದ ನಡುವೆಯೇ, 2023ರ ಫೆಬ್ರವರಿಯಲ್ಲಿ, ನಮ್ಮ ಅತ್ತೆ ತೀರಿಕೊಂಡರು. ಫೋನು ಬಂದಿದ್ದು ರಾತ್ರಿ. ಅಲ್ಲಿಂದ ಅಡಿಸ್ ಅಬಾಬ, ಅಲ್ಲಿಂದ ಮುಂಬೈ, ಅಲ್ಲಿಂದ ಊರು. ಮಣ್ಣಿಗೆ ಸಿಗುವುದು ಸಾಧ್ಯವೇ ಇರಲಿಲ್ಲ. ನಮ್ಮವರು ಒಬ್ಬನೇ ಮಗ. ಬೆಳಗಿನ ತನಕ ಗೋಡೆಗೆ ಒರಗಿ ಕೂತಿದ್ದರು.

ಬೆಳಕು ಹರಿಯುವಾಗ ಬಾಗಿಲಾಚೆ "ಓಡಿ" ಅಂತ ಕೇಳಿಸಿತು. ಪಂಪಿನ ತಾಯಿ. ಅವಳ ಹಿಂದೆ ಇಪ್ಪತ್ತು ಹೆಂಗಸರು. ಒಬ್ಬರ ತಲೆ ಮೇಲೆ ಜೋಳದ ಹಿಟ್ಟಿನ ಬೋಗುಣಿ, ಒಬ್ಬರ ತಲೆ ಮೇಲೆ ಸೌದೆ ಹೊರೆ, ಇಬ್ಬರ ತಲೆ ಮೇಲೆ ನೀರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತರು. ಗಂಡಸರು ಅಂಗಳದಲ್ಲಿ ಕೂತರು. ಅಲ್ಲಿ ಸಾವಾದರೆ ಊರಿನವರು ಹೊಲದ ಕೆಲಸ ನಿಲ್ಲಿಸಿ ಹೀಗೆ ಬಂದು ಕೂರುತ್ತಾರೆ. ಸತ್ತವರು ಮೂರೂವರೆ ಸಾವಿರ ಮೈಲಿ ಆಚೆ ಇದ್ದರೂ ಸಾವು ಸಾವೇ ಅಂದರು. ಮಸೀದಿ ಕೇರಿಯ ಹೆಂಗಸರೂ ಬಂದರು. ಯಾರೂ ಸಮಾಧಾನದ ಮಾತು ಆಡಲಿಲ್ಲ. ಒಲೆ ಹಚ್ಚಿದರು, ಎನ್ಸಿಮ ಮಾಡಿದರು, ನಮಗೆ ತಿನ್ನಿಸಿದರು. ಮೂರು ದಿನ ಹೀಗೇ ನಡೆಯಿತು. ಆ ಮೂರು ದಿನ ನಾವು ಯಾರಿಗೂ ಸೇವೆ ಮಾಡುವವರಾಗಿರಲಿಲ್ಲ. ಮುಖ್ಯಸ್ಥರು ನಮ್ಮವರ ಪಕ್ಕ ಕೂತು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ತಾಯಿ ನೀರು ಎಲ್ಲಿಂದ ತರುತ್ತಿದ್ದರು?" ಅವತ್ತು ನಮ್ಮವರು ಮೊದಲ ಸಲ ಅತ್ತರು.

ಇಲ್ಲಿ ಕೂತಿರುವ ಚಿಕ್ಕವರು ಕೆಲವರು, ಇಂಥ ಕೆಲಸಕ್ಕೆ ನಾವೂ ಹೋಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಎರಡು ವಾರಕ್ಕೆ ಹೋಗಿ ಶಾಲೆಯ ಗೋಡೆಗೆ ಬಣ್ಣ ಬಳಿದು, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಬರುವ ಪ್ರವಾಸಗಳು ನನಗೆ ಒಪ್ಪಿಗೆ ಇಲ್ಲ. ಆ ಊರಿನಲ್ಲೂ ಬಣ್ಣ ಬಳಿಯುವವರಿದ್ದಾರೆ, ಅವರಿಗೆ ಕೂಲಿ ಬೇಕು. ನಿಮಗೆ ಒಂದು ಕಸುಬು ಚೆನ್ನಾಗಿ ಬರುತ್ತಿರಬೇಕು. ಒಂದು ವರ್ಷವಾದರೂ ಇರುವ ತಯಾರಿ ಬೇಕು. ಸೊಳ್ಳೆಪರದೆ, ಮಲೇರಿಯಾ ಮಾತ್ರೆ ಮರೆಯಬೇಡಿ. ಹೋದ ಕೂಡಲೇ, ಈ ಕೆಲಸ ಇಲ್ಲಿ ಯಾರಿಗೆ ಬರುತ್ತದೆ ಅಂತ ಕೇಳಿ. ನಾವು ಕೇಳದೆ ಕೆಟ್ಟೆವು.

ವಾಪಸ್ಸು ಬಂದಿದ್ದು 2023ರ ಡಿಸೆಂಬರಿನಲ್ಲಿ. ಈಗ ನಮ್ಮ ಓಣಿಯಲ್ಲಿ ಮನೆ ಮನೆಗೂ ನಲ್ಲಿ ಬಂದಿದೆ. ಅದನ್ನು ನೋಡಿದಾಗ ಹಳೆಯ ಕೊಡದ ಸಾಲು ನೆನಪಾಗಿ ಗಂಟಲು ಕಟ್ಟುತ್ತದೆ. ಆದರೆ ನಲ್ಲಿಯಲ್ಲಿ ನೀರು ಬರದ ದಿನ ನಾವೆಲ್ಲ ಮಾಡುವುದು ಏನು? ನೀರಗಂಟಿಗೆ ಫೋನು. ಅವರು ಒಬ್ಬರೇ, ಓಣಿ ಹತ್ತು. ನಮ್ಮ ಪಂಚಾಯಿತಿಯಲ್ಲಿ ಓಣಿಗೆ ಇಬ್ಬರು ಹೆಣ್ಣುಮಕ್ಕಳಿಗೆ ವಾಲ್ವು, ಪೈಪಿನ ಕೆಲಸ ಕಲಿಸೋಣ ಅಂತ ನಮ್ಮವರು ಅರ್ಜಿ ಕೊಟ್ಟಿದ್ದಾರೆ. ಐದು ಜನ ಹೆಸರು ಬರೆಸಿದ್ದಾರೆ. ನಿಮ್ಮಲ್ಲಿ ಯಾರಾದರೂ ಆ ಕಡೆಯವರಿದ್ದರೆ ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ.

2024ರ ಮಾರ್ಚಿನಲ್ಲಿ ಪಂಪಿನ ತಾಯಿ ವಾಟ್ಸಾಪಿನಲ್ಲಿ ತನ್ನ ದನಿ ಕಳಿಸಿದ್ದಳು. ಆ ವರ್ಷ ಅಲ್ಲಿ ಮಳೆ ಕೈಕೊಟ್ಟು ಸರ್ಕಾರ ಬಹುಪಾಲು ಜಿಲ್ಲೆಗಳಲ್ಲಿ ಬರ ಘೋಷಿಸಿತ್ತು. ಆರು ನಿಮಿಷದ ಮಾತು. ಜೋಳ ತೆನೆ ಕಟ್ಟುವ ಹೊತ್ತಿಗೆ ಒಣಗಿಹೋಯಿತು ಅಂದಳು. ಮುಖ್ಯಸ್ಥರಿಗೆ ಕೆಮ್ಮು ಅಂದಳು. ಬಳೆ ತಲೆಕೆಳಗೆ ಹಾಕಿದ್ದ ಹುಡುಗಿಗೆ ಹೆಣ್ಣು ಮಗು ಆಗಿದೆ ಅಂದಳು. ಪಕ್ಕದ ಊರಿನವರೂ ನಮ್ಮ ಪಂಪಿಗೇ ಬರುತ್ತಿದ್ದಾರೆ, ಸಾಲು ಉದ್ದ ಆಗಿದೆ, ಹೋದ ವಾರ ಸೀಲ್ ಸವೆದಿತ್ತು, ಹಾಕಿದೆವು, ನಿಮ್ಮ ಮೊಣಕಾಲು ನೋವು ಹೇಗಿದೆ ಮಾಯಿ ಅಂತ ಕೇಳಿದಳು.

ನಮ್ಮವರು ಆ ತುಣುಕನ್ನೇ ಹಿಂದೆ ಸರಿಸಿ ಸರಿಸಿ ಹಾಕಿಸಿಕೊಂಡರು. ಹೋದ ವಾರ ಸೀಲ್ ಸವೆದಿತ್ತು, ಹಾಕಿದೆವು. ಅಷ್ಟೇ. ಮುಂದೆ ನನ್ನ ಮೊಣಕಾಲಿನ ಮಾತು.